ಒಂದೇ ಹಾಳೆ ಅಕ್ಕನ ಹದಿನಾಲ್ಕನೇ ಫೈಲು

ಅಂತ್ಯಕ್ರಿಯೆ ಮುಗಿದು, ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಗಂಡನ ಸಲಕರಣೆಗಳನ್ನು ಒಯ್ಯಲು ಕಂಪನಿಯವರು ಬರುತ್ತಾರೆ, ತೆಗೆದಿಡಬೇಕು. ಮೂವತ್ತೊಂದು ವರ್ಷದ ಹೆಂಡತಿ ನೆಲದ ಮೇಲೆ ಕೂತು ಚೀಲ ಬಿಚ್ಚುತ್ತಾಳೆ. ಸ್ಪ್ಯಾನರು, ಟಾರ್ಚು, ಗ್ರೀಸ್ ಹತ್ತಿದ ಬಟ್ಟೆ. ತಳದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಫೈಲು, ಗುಂಡಿ ಒತ್ತಿ ಮುಚ್ಚುವಂಥದ್ದು. ಮೂಲೆಯಲ್ಲಿ 14 ಎಂಬ ಚೀಟಿ. ಅದರ ಕೆಳಗೆ ದುಂಡಗಿನ ಕೈಬರಹ: 'ಕೆಲಸ ಸಿಕ್ಕ ದಿನ ವಾಪಸ್ ತಂದುಕೊಡಿ. ಜೆರಾಕ್ಸ್ ಅಂಗಡಿ, ಬಸ್ ಸ್ಟಾಪ್ ಎದುರು.'

ಒಳಗೆ ಒಂದೇ ಹಾಳೆ. ಗಂಡನ ಬಯೋಡೇಟಾ. ಮೊದಲ ಸಾಲು: 'ಎಂಟು ವರ್ಷಗಳಲ್ಲಿ, ಲಿಫ್ಟಿನಲ್ಲಿ ಸಿಕ್ಕಿಕೊಂಡ ಇನ್ನೂರ ಹನ್ನೆರಡು ಜನರನ್ನು ಹೊರತೆಗೆದಿದ್ದೇನೆ. ಒಬ್ಬರಿಗೂ ಗಾಯವಾಗಿಲ್ಲ.' ಆರು ವರ್ಷ ಜತೆಗೆ ಬಾಳಿದವಳು ಆ ಸಾಲನ್ನು ಎರಡು ಸಲ ಓದುತ್ತಾಳೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತು ಮತ್ತೆ ಏಳದವನು, ಇಷ್ಟು ದೊಡ್ಡವನಾಗಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಂಡು ಬರೆದವರು ಯಾರು?

ಮರುದಿನ ಬೆಳಗಿನ ಐದೂಮುಕ್ಕಾಲು. ಅಂಗಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಬಗ್ಗಿ ಒಳಗೆ ಹೋಗಬೇಕು. ಬಿಸಿಯಾಗುತ್ತಿರುವ ಜೆರಾಕ್ಸ್ ಮೆಷಿನ್ನಿನ ವಾಸನೆ. ಅದರ ಪಕ್ಕ ಮೊಣಕಾಲು ತಾಗುವಷ್ಟು ಸಣ್ಣ ಮೇಜು, ಅಕ್ಷರ ಅಳಿಸಿಹೋದ ಕೀಬೋರ್ಡು, ಅದರ ಹಿಂದೆ ಐವತ್ತೆಂಟರ ಹೆಂಗಸು. ಬೆಂಚಿನ ಮೇಲೆ ಆಗಲೇ ಏಳು ಮಂದಿ: ರಾತ್ರಿ ಪಾಳಿ ಮುಗಿಸಿದವರು, ಬೆಳಗಿನ ಪಾಳಿಗೆ ಹೊರಟವರು. ಸುತ್ತಲಿನ ನಾಲ್ಕು ಬೀದಿಯವರು ಅವರನ್ನು ಕರೆಯುವುದು 'ಒಂದೇ ಹಾಳೆ ಅಕ್ಕ' ಎಂದು. ಯಾರದೇ ಬಯೋಡೇಟಾ ಇರಲಿ, ಅವರ ಪ್ರಿಂಟರಿನಿಂದ ಎರಡನೇ ಹಾಳೆ ಇದುವರೆಗೆ ಹೊರಬಿದ್ದಿಲ್ಲ.

ಈಗ ಮೇಜಿನ ಮುಂದೆ ಕೂತಿರುವವಳು ಆಸ್ಪತ್ರೆಯೊಂದರಲ್ಲಿ ಗುಡಿಸಿ ಒರೆಸುವಾಕೆ. ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕಬೇಕಾಗಿದೆ.

"ನಂದೇನು ಬರೀತೀರಕ್ಕ? ನೆಲ ಒರೆಸ್ತೀನಿ, ಅಷ್ಟೆ. ಇಪ್ಪತ್ತು ವರ್ಷದಿಂದ ಅದೇ ನೆಲ, ಅದೇ ಬಟ್ಟೆ."

"ಬಟ್ಟೆನಾದ್ರೂ ಬದಲಾಯಿಸಿರ್ತಾರೆ ಬಿಡು. ನೀನು ರಜೆ ಹಾಕಿದ್ರೆ ಅಲ್ಲಿ ಏನು ನಿಲ್ಲುತ್ತೆ, ಅದನ್ನ ಹೇಳು."

"ಏನು ನಿಲ್ಲುತ್ತೆ? ನಾನು ಹೋಗ್ಲಿಲ್ಲ ಅಂತ ಸೂರ್ಯ ಹುಟ್ಟದೆ ಇರ್ತಾನಾ?"

ಬೆಂಚು ನಗುತ್ತದೆ. ಅಕ್ಕ ನಗುವುದಿಲ್ಲ, ಕಾಯುತ್ತಾರೆ. ಅವರ ಕಸುಬಿನ ಅರ್ಧ ಭಾಗ ಈ ಕಾಯುವುದೇ.

"ಹಾಂ... ಹೋದ ವರ್ಷ ಜ್ವರ ಅಂತ ಮಲಗಿದ್ದೆ. ಮೊದಲನೇ ಆಪರೇಷನ್ನು ಮುಕ್ಕಾಲು ಗಂಟೆ ತಡ ಆಯ್ತಂತೆ. ಥಿಯೇಟರ್ ತೊಳೆಯೋಳು ನಾನೇ ತಾನೆ? ಬೇರೆಯವರು ತೊಳೆದ್ರೆ ದೊಡ್ಡ ಡಾಕ್ಟರು ಒಪ್ಪಲ್ಲ."

ಅಕ್ಕನ ಬೆರಳುಗಳು ಆಗಲೇ ಓಡುತ್ತಿವೆ. ಹಾಳೆ ಹೊರಬರುತ್ತದೆ. 'ಆಪರೇಷನ್ ಥಿಯೇಟರ್ ಸ್ವಚ್ಛತೆ, ಇಪ್ಪತ್ತು ವರ್ಷ. ನಾನು ಸಿದ್ಧಪಡಿಸಿದ ಮೇಲೆಯೇ ದಿನದ ಮೊದಲ ಶಸ್ತ್ರಚಿಕಿತ್ಸೆ ಶುರುವಾಗುತ್ತದೆ.'

"ಇದು ನಾನಾ?"

"ಸುಳ್ಳಿದ್ರೆ ಹೇಳು, ಅಳಿಸ್ತೀನಿ."

ಆಕೆ ಹಾಳೆಯನ್ನು ದೂರ ಹಿಡಿದು ನೋಡುತ್ತಾಳೆ, ಹತ್ತಿರ ಹಿಡಿದು ನೋಡುತ್ತಾಳೆ. "ಸುಳ್ಳೇನಿಲ್ಲ," ಎನ್ನುತ್ತ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾಳೆ. ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದ ಮೇಲೂ ಆ ಬೆನ್ನು ನೆಟ್ಟಗೇ ಇದೆ.

ಫೈಲು ಎದೆಗೆ ಒತ್ತಿಕೊಂಡು ಗೋಡೆಗೆ ಆತು ನಿಂತವಳು ಇದನ್ನೆಲ್ಲ ನೋಡುತ್ತಾಳೆ. ಅವಳು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇತಿಹಾಸ ಓದಿದವಳು. ಹೀಗೆ ಪ್ರಶ್ನೆ ಕೇಳುವ ಮೇಷ್ಟ್ರು ಅವಳಿಗೆ ಒಬ್ಬರೂ ಸಿಕ್ಕಿರಲಿಲ್ಲ.

ಅಕ್ಕ ಈ ವಿದ್ಯೆ ಕಲಿತದ್ದು ಎಸೆದು ಎಸೆದು. ಹಿಂದೆ ಅವರು ದೊಡ್ಡ ಕಾರ್ಖಾನೆಯೊಂದರ ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು ಕೆಲಸದ ಅರ್ಜಿಗಳನ್ನು ತೆಗೆದುಕೊಳ್ಳುತ್ತಿದ್ದರು. ಒಳಗೆ ಹೋಗುವ ರಾಶಿ ಒಂದು, ಬುಟ್ಟಿಗೆ ಹೋಗುವ ರಾಶಿ ಒಂದು. ಮಡಿಸಿದ್ದು ಬುಟ್ಟಿಗೆ, ಎಣ್ಣೆ ಕಲೆಯಾದದ್ದು ಬುಟ್ಟಿಗೆ, ಮೂರು ಪುಟದ್ದು ಬುಟ್ಟಿಗೆ. "ಒಂಬತ್ತು ವರ್ಷ ಎಸೆದವಳು ನಾನು. ಒಂದು ಅರ್ಜಿಗೆ ಸಿಗೋದು ಮೂರು ಉಸಿರು. ಮೂರನೇ ಉಸಿರಿಗೆ ಕೈ ಬುಟ್ಟಿ ಕಡೆ ಹೋಗಿರುತ್ತೆ. ಎಸೆಯೋ ಕೈಗೆ ಗೊತ್ತು, ಯಾವುದನ್ನ ಎಸೆಯೋಕೆ ಆಗಲ್ಲ ಅಂತ," ಎನ್ನುತ್ತಾರೆ.

ಆ ಕಿಟಕಿ ಮುಚ್ಚಿತು. ಅಕ್ಕ ಮನೆಗೆ ಬಂದರು. ತಮ್ಮ ಬಯೋಡೇಟಾ ತಾವೇ ಬರೆದು ಹದಿನೆಂಟು ಕಡೆ ಕೊಟ್ಟರು. ಒಂದು ಕಡೆಯಿಂದಲೂ ಕರೆ ಬರಲಿಲ್ಲ. ಇದನ್ನು ಅವರು ಮುಚ್ಚಿಡುವುದಿಲ್ಲ. "ಹಜಾಮನ ತಲೆ ಹಜಾಮ ಬೋಳಿಸ್ಕೊಳ್ಳೋಕಾಗುತ್ತಾ?" ಎಂದು ತಾವೇ ನಗುತ್ತಾರೆ. ಹಾಗೆ ಓಡಾಡುವಾಗ ಒಂದು ದಿನ ಈ ಅಂಗಡಿಯಲ್ಲಿ ಪ್ರತಿ ತೆಗೆಸಲು ನಿಂತಿದ್ದರು. ಮುಂದೆ ಡ್ರೈವರುಗಳ ಸಾಲು. ಅಂಗಡಿಯವನು ಕಂಪ್ಯೂಟರಿನಲ್ಲಿದ್ದ ಯಾರದೋ ಬಯೋಡೇಟಾದ ಹೆಸರೊಂದನ್ನೇ ಬದಲಾಯಿಸಿ ಎಲ್ಲರಿಗೂ ಅಚ್ಚು ಹಾಕಿ ಕೊಡುತ್ತಿದ್ದ. "ಮೂವತ್ತೊಂದು ಡ್ರೈವರು. ಎಲ್ಲರಿಗೂ ಒಬ್ಬನೇ ಅಪ್ಪ. ಎಲ್ಲರ ಹವ್ಯಾಸವೂ ಚೆಸ್ಸು. ಪುಣ್ಯಾತ್ಮ ಆ ಅಪ್ಪ, ಎಲ್ಲ ಮಕ್ಕಳಿಗೂ ಒಂದೇ ಸಮ ಕಲಿಸಿದ್ದಾನೆ ಅಂದ್ಕೊಂಡೆ." ಅವತ್ತೇ ಮೇಜಿನ ಈಚೆಯಿಂದ ಆಚೆಗೆ ಹೋಗಿ ಕೂತವರು, ಹನ್ನೊಂದು ವರ್ಷವಾದರೂ ಎದ್ದಿಲ್ಲ.

ದಿನಕ್ಕೆ ಹದಿನೈದು ಹದಿನಾರು ಜನ. ತಲೆಗೆ ಇಪ್ಪತ್ತು ನಿಮಿಷ. ಹದಿನೈದು ನಿಮಿಷ ಮಾತು, ಐದು ನಿಮಿಷ ಟೈಪು. ಕಾವಲುಗಾರರು, ಪ್ಯಾಕಿಂಗ್‌ನವರು, ಆಯಾಗಳು, ಡೆಲಿವರಿಯವರು. ಹಿಂದಿನ ಗೂಡಿನಲ್ಲಿ ನಂಬರು ಹಚ್ಚಿದ ಇಪ್ಪತ್ತು ನೀಲಿ ಫೈಲುಗಳು. ಬಸ್ಸಿನ ನೂಕುನುಗ್ಗಲಲ್ಲಿ ಹಾಳೆ ಮುದುಡಬಾರದೆಂದು, ಗೂಡಿನಲ್ಲಿ ಉಳಿದಿದ್ದರೆ, ಹಾಳೆಯ ಜತೆ ಒಂದು ಫೈಲು ಎರವಲು. ವಾಪಸ್ ಕೊಡಬೇಕಾದ್ದು ಕೆಲಸ ಸಿಕ್ಕಾಗಲೇ. ಯಾರದೂ ಹೆಸರು ಬರೆದುಕೊಳ್ಳುವುದಿಲ್ಲ, ಯಾರನ್ನೂ ಕೇಳುವುದಿಲ್ಲ. ಫೈಲು ಬಂದರೆ ಕೆಲಸ ಸಿಕ್ಕಿದೆ ಎಂದರ್ಥ. "ಸಿಹಿ ಹಂಚಿದ್ದಕ್ಕಿಂತ ಇದು ವಾಸಿ. ನಂಗೆ ಸಕ್ಕರೆ ಕಾಯಿಲೆ."

ಸರದಿ ಬಂದಾಗ ಅವಳು ಫೈಲನ್ನು ಮೇಜಿನ ಮೇಲಿಡುತ್ತಾಳೆ.

"ಓ, ಲಿಫ್ಟಿನವರದು," ಗುಂಡಿ ಬಿಚ್ಚಿ ಒಳಗಿನ ಹಾಳೆ ನೋಡಿದ ಅಕ್ಕನ ಮುಖ ಅರಳುತ್ತದೆ. "ಹೊಸ ಕೆಲಸ ಸಿಕ್ತಾ?"

"ಇಲ್ಲ. ಅವರು ಹೋಗಿಬಿಟ್ರು. ಹನ್ನೊಂದು ದಿನ ಆಯ್ತು. ನಾನು ಅವರ ಹೆಂಡತಿ. ನಿಮ್ಮ ವಸ್ತು, ಕೊಟ್ಟುಹೋಗೋಣ ಅಂತ ಬಂದೆ."

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಆಮೇಲೆ ಫೈಲನ್ನು ಅವಳ ಕಡೆಗೇ ತಳ್ಳುತ್ತಾರೆ.

"ಕೂತ್ಕೊಳಮ್ಮ. ಇದು ಹೀಗೆ ವಾಪಸ್ ಬರೋ ಹಾಗಿಲ್ಲ. ನಿಂಗೆ ಕೆಲಸ ಇದೆಯಾ?"

"ಎಂ.ಎ. ಆಗಿದೆ."

"ಕೇಳಿದ್ದು ಕೆಲಸ."

"ಇಲ್ಲ. ಬೇಕು. ಮನೆ ನಡೀಬೇಕು. ಆದ್ರೆ ಆರು ವರ್ಷದಿಂದ ಮನೇಲೇ ಇದ್ದೀನಿ. ಬರೆಯೋಕೆ ಏನೂ ಇಲ್ಲ."

ಅಕ್ಕ ಕೀಬೋರ್ಡು ಎಳೆದುಕೊಳ್ಳುತ್ತಾರೆ. ಹೆಸರು ಕೇಳುತ್ತಾರೆ, ವಿಳಾಸ ಕೇಳುತ್ತಾರೆ, ಫೋನ್ ನಂಬರು ಕೇಳುತ್ತಾರೆ. ಅವಳು ಹೇಳುತ್ತಾಳೆ. ಅಕ್ಕನ ಕೈ ನಿಲ್ಲುತ್ತದೆ. ಗಂಡನ ಹಾಳೆಯ ಮೇಲಿರುವುದೂ ಅದೇ ನಂಬರು. ಇಂಥ ತಪ್ಪನ್ನು ಅವರು ದಿನಾ ನೋಡುತ್ತಾರೆ. ಹೆಂಗಸರು ತಮ್ಮ ನಂಬರು ಎಂದು ಬಾಯಿಪಾಠ ಒಪ್ಪಿಸುವುದು ಗಂಡನದ್ದನ್ನೇ.

"ಇದು ಅವರ ನಂಬರು ಕಣಮ್ಮ. ನಾಳೆ ಕೆಲಸದವರು ಫೋನ್ ಮಾಡಿದ್ರೆ ಎತ್ತೋರು ಯಾರು?"

"ನಾನೇ. ಐದು ವರ್ಷದಿಂದ ನಾನೇ ಎತ್ತೋದು. ಅವರು ಗಾಡಿ ಓಡಿಸ್ತಾ ಇರ್ತಿದ್ರು, ಇಲ್ಲಾ ಲಿಫ್ಟು ಓಡಾಡೋ ಶಾಫ್ಟ್ ಒಳಗೆ ಇಳಿದಿರ್ತಿದ್ರು. ಫೋನು ಮನೇಲಿ ಬಿಟ್ಟು, ಇನ್ನೊಂದು ಸಣ್ಣ ಫೋನು ಇಟ್ಕೊಂಡು ಹೋಗ್ತಿದ್ರು. ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೆ ಮೆಸೇಜ್ ಹಾಕ್ತಿದ್ದೆ."

"ಯಾರು ಮಾಡ್ತಿದ್ರು ಫೋನು?"

"ಒಳಗೆ ಸಿಕ್ಕಿಕೊಂಡವರು. ಲಿಫ್ಟಲ್ಲಿ ನಂಬರು ಅಂಟಿಸಿರ್ತಾರಲ್ಲ. ಇವರು ತಲುಪೋವರೆಗೆ ಅವರ ಜತೆ ಮಾತಾಡ್ತಿದ್ದೆ. ಕೆಲವರು ಅಳ್ತಾರೆ. ಕೆಲವರು ಬೈತಾರೆ. ಒಬ್ಬರು ಅಜ್ಜ ಇದ್ರು, ಐವತ್ತೆರಡು ನಿಮಿಷ."

"ಈಗಲೂ ಬರುತ್ತಾ?"

"ನಿನ್ನೆ ಬಂತು. ಒಬ್ಬಳು ಹುಡುಗಿ. ಕಂಪನಿಗೆ ಹೇಳಿ, ಅವರು ಹೋಗೋವರೆಗೆ ಮಾತಾಡಿದೆ." ಅವಳು ಅದನ್ನು ನಿನ್ನೆ ಮೋಡವಿತ್ತು ಎನ್ನುವ ಹಾಗೆ ಹೇಳುತ್ತಾಳೆ.

ಅಕ್ಕ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ನೀನು ರಜೆ ಹಾಕಿದ್ದರೆ ಏನು ನಿಲ್ಲುತ್ತಿತ್ತು ಎಂದು ಕೇಳುವ ಅಗತ್ಯ ಉಳಿದಿಲ್ಲ. ಕನ್ನಡಕ ಮೂಗಿಗೇರಿಸಿ ಹೇಳುತ್ತಾರೆ:

"ಈಗ ನೆನಪಾಯ್ತು. ನಿಮ್ಮೆಜಮಾನ್ರು ಇದನ್ನ ಅವರ ಹಾಳೇಲಿ ಬರೆಸೋಕೆ ನೋಡಿದ್ರು. 'ಹೊರತೆಗೆಯುವವರೆಗೆ ಒಳಗಿದ್ದವರಿಗೆ ಧೈರ್ಯ ತುಂಬಲಾಗುತ್ತದೆ' ಅಂತ. ಅದು ಯಾರು ಮಾಡೋದು ಅಂದೆ. ನಮ್ಮನೆಯವಳು ಅಂದ್ರು. ಆ ಸಾಲು ಹೊಡೆದು ಹಾಕಿದೆ. ನಿಮ್ಮದಲ್ಲದ್ದು ನಿಮ್ಮ ಹಾಳೇಲಿ ಬೇಡ ಅಂದೆ. ನಕ್ಕರು. 'ಸರಿ ಅಕ್ಕ, ಅವಳೂ ಒಂದಿನ ಬರ್ತಾಳೆ, ಆಗ ಬರೀರಿ' ಅಂದ್ರು."

ಹನ್ನೊಂದು ದಿನದಿಂದ ಒಣಗಿಕೊಂಡೇ ಇದ್ದ ಕಣ್ಣು ಅವಳದು. ಈಗಲೂ ನೀರು ಬರುವುದಿಲ್ಲ. ಆದರೆ ಮೇಜಿನ ಅಂಚನ್ನು ಹಿಡಿದುಕೊಳ್ಳುತ್ತಾಳೆ.

ಹಾಳೆ ಹೊರಬರುತ್ತದೆ, ಇನ್ನೂ ಬೆಚ್ಚಗಿದೆ. 'ಐದು ವರ್ಷ ತುರ್ತು ಕರೆ ಸ್ವೀಕರಿಸಿದ್ದೇನೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಜತೆ, ಸಹಾಯ ತಲುಪುವವರೆಗೆ ಮಾತನಾಡಿದ್ದೇನೆ. ಅತಿ ದೀರ್ಘ ಕರೆ: ಐವತ್ತೆರಡು ನಿಮಿಷ. ನಡುವೆ ಒಮ್ಮೆಯೂ ಫೋನ್ ಇಟ್ಟಿಲ್ಲ.' ಎಂ.ಎ. ಎಂಬುದು ಕಟ್ಟಕಡೆಯ ಸಾಲಿನಲ್ಲಿದೆ. ಅಕ್ಕ ಗೋಡೆಗೆ ಅಂಟಿಸಿದ್ದ ಜಾಹೀರಾತೊಂದನ್ನು ಕಿತ್ತು ಜತೆಗಿಡುತ್ತಾರೆ: ಆಸ್ಪತ್ರೆಯ ಆಂಬುಲೆನ್ಸ್ ಫೋನ್ ಕೌಂಟರಿಗೆ ಜನ ಬೇಕು, ಅನುಭವ ಇದ್ದವರಿಗೆ ಆದ್ಯತೆ.

"ಸುಳ್ಳಿದ್ರೆ ಹೇಳು, ಅಳಿಸ್ತೀನಿ."

"ಸುಳ್ಳೇನಿಲ್ಲ," ಎನ್ನುತ್ತಾಳೆ. ಮೊದಲು ಆ ಗುಡಿಸುವಾಕೆ ಹೇಳಿದ ಮಾತೇ.

ಅರ್ಜಿ ಕೊಟ್ಟ ಇಪ್ಪತ್ತಮೂರನೇ ದಿನ ಆಸ್ಪತ್ರೆಯಿಂದ ಕರೆ ಬರುತ್ತದೆ. ಸಂದರ್ಶನದಲ್ಲಿ ಕೂತಿದ್ದ ಹಿರಿಯ ನರ್ಸ್ ಹಾಳೆ ಓದಿ ಕೆಳಗಿಟ್ಟು ಕೇಳಿದ್ದು ಒಂದೇ: ಐವತ್ತೆರಡು ನಿಮಿಷ ಏನು ಮಾತಾಡಿದಿರಿ? "ಅವರೇ ಮಾತಾಡಿದ್ರು ಮೇಡಂ. ನಾನು ಇದ್ದೀನಿ, ಇದ್ದೀನಿ ಅಂತಿದ್ದೆ, ಅಷ್ಟೆ." ಸೋಮವಾರದಿಂದ ಬನ್ನಿ ಎಂದರಂತೆ.

ಸೋಮವಾರ ಬೆಳಗ್ಗೆ ಐದೂಮುಕ್ಕಾಲಿಗೆ ಅವಳು ಮತ್ತೆ ಶಟರಿನ ಕೆಳಗೆ ಬಗ್ಗುತ್ತಾಳೆ. ಬೆಂಚು ತುಂಬಿದೆ. ಎರಡು ಹಾಳೆಗಳನ್ನೂ ಮನೆಯಲ್ಲಿ ಒಂದೇ ಲಕೋಟೆಯಲ್ಲಿಟ್ಟು ಬಂದಿದ್ದಾಳೆ. ಖಾಲಿ ಫೈಲನ್ನು ಮೇಜಿನ ಮೇಲಿಡುತ್ತಾಳೆ. ಈ ಸಲ ಅಕ್ಕ ಅದನ್ನು ತಳ್ಳುವುದಿಲ್ಲ.

"ನಿಮಗೆ ಏನು ಆಸೆ ಅಕ್ಕ?" ಅವಳು ಕೇಳುತ್ತಾಳೆ.

"ಇಪ್ಪತ್ತೂ ಫೈಲು ಒಂದೇ ದಿನ ಗೂಡಲ್ಲಿರೋದನ್ನ ನೋಡ್ಬೇಕು. ಹನ್ನೊಂದು ವರ್ಷದಲ್ಲಿ ಒಂದು ಸಲನೂ ಆಗಿಲ್ಲ. ಒಂದು ಗಂಟೆ ಸಾಕು. ಆಮೇಲೆ ಬೇಕಾದ್ರೆ ಎಲ್ಲಾ ಹೋಗ್ಲಿ." ಅಕ್ಕ ಎದ್ದು ಫೈಲನ್ನು ಬಟ್ಟೆಯಿಂದ ಒರೆಸಿ, ಹದಿಮೂರಕ್ಕೂ ಹದಿನೈದಕ್ಕೂ ನಡುವೆ ಖಾಲಿ ಬಿದ್ದಿದ್ದ ಜಾಗದಲ್ಲಿ ನಿಲ್ಲಿಸುತ್ತಾರೆ.

ಹಾಳೆ ಹಿಡಿದು ನಿಂತಿದ್ದ ಕಾವಲುಗಾರನೊಬ್ಬ ಕೈ ಚಾಚುತ್ತಾನೆ. "ಅಕ್ಕ, ಅದನ್ನೇ ಕೊಡಿ. ಅದು ಲಕ್ಕಿ ಇದ್ದ ಹಾಗಿದೆ."

ಅಕ್ಕ ಹದಿನೈದನೆಯದನ್ನು ಎಳೆದು ಅವನ ಕೈಗಿಡುತ್ತಾರೆ.

"ಹದಿನಾಲ್ಕಕ್ಕೆ ಇವತ್ತು ರಜೆ ಕಣಪ್ಪ. ಇಬ್ಬರ ಕೆಲಸ ಮಾಡಿ ಬಂದಿದೆ."