ಫಾರ್ಕರನ ಕಿಲ್ಟು ಕೂಗಿದ ಬೆಳಿಗ್ಗೆ

ಫಾರ್ಕರ್ ಮ್ಯಾಕ್‌ಫೀ ಮೂವತ್ತನಾಲ್ಕು ವರ್ಷ ನಮ್ಮ ದ್ವೀಪದಲ್ಲಿ ಅಂಚೆ ಹಂಚಿದವನು. ಒಂದೇ ಒಂದು ಕಾಗದವನ್ನೂ ತಪ್ಪು ಮನೆಗೆ ಕೊಟ್ಟಿಲ್ಲ ಎಂಬುದು ಅವನ ಹೆಮ್ಮೆ, ಆ ಹೆಮ್ಮೆಯನ್ನು ಕೇಳಿಸಿಕೊಳ್ಳುವುದು ಊರಿನ ಕರ್ಮ. ಯಾರ ಕುರಿ ಯಾರ ಬೇಲಿ ಮುರಿಯಿತು, ಪಾದ್ರಿಯ ಉಪದೇಶದಲ್ಲಿ ಯಾವ ಮಾತು ಎಡವಿತು, ನಾಳೆ ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತದೆ, ಎಲ್ಲಕ್ಕೂ ಅವನ ಬಳಿ ತೀರ್ಪು ತಯಾರು. 'ಖಂಡಿತ' ಎನ್ನದೆ ಅವನ ಮಾತು ಮುಗಿಯುತ್ತಿರಲಿಲ್ಲ. ಇಂಥವನ ಜೊತೆ ಬಾಳುವುದು ಕಷ್ಟ. ಆದರೆ ಬಿರುಗಾಳಿಯ ದಿನವೂ ಬಾಗಿಲಿಗೆ ಕಾಗದ ತಂದುಕೊಟ್ಟವನನ್ನು ಬೈಯುವುದೂ ಅಷ್ಟೇ ಕಷ್ಟ.

ಅವನ ಅಪ್ಪ ಹಾಯಿ ಹೊಲಿಯುವ ಕಸುಬಿನವನು. ಹರೆಯದಲ್ಲಿ, ಬಂಡೆಗೆ ಬಡಿದು ಒಡೆದ ಮೀನು ದೋಣಿಯೊಂದರಿಂದ ಒಂಬತ್ತು ಜನರನ್ನು ಎಳೆದು ದಡ ಸೇರಿಸಿದ್ದಕ್ಕೆ ಅವನಿಗೊಂದು ಬೆಳ್ಳಿ ಪದಕ ಬಂದಿತ್ತು. ಮುದುಕನಿಗೆ ಅದರ ಮೇಲೆ ಅಂಥ ಮೋಹವೇನೂ ಇರಲಿಲ್ಲ, ಸೂಜಿ ದಾರಗಳ ನಡುವೆ ಎಲ್ಲೋ ಬಿದ್ದಿರುತ್ತಿತ್ತು. ಅವನು ತೀರಿಕೊಂಡ ವಾರ ನೋಡಿದರೆ ಪದಕವಿಲ್ಲ. ಹಿರಿಯ ಮಗ ಹೆಕ್ಟರ್ ಮಣ್ಣು ಮಾಡಿದ ಮರುದಿನವೇ ಗ್ಲಾಸ್ಗೋಗೆ ಹೊರಟುಬಿಟ್ಟಿದ್ದ. ಫಾರ್ಕರನಿಗೆ ಇಷ್ಟು ಸಾಕ್ಷಿ ಸಾಕಾಯಿತು. ಪಿಂಚಣಿಗೆ ಸಾಲು ನಿಂತವರೆಲ್ಲ ಕೇಳುವ ಹಾಗೆ ಅಂಚೆ ಕಚೇರಿಯಲ್ಲಿ ನಿಂತು, ಪದಕ ಕದ್ದವನು ತನ್ನ ಅಣ್ಣನೇ, ಖಂಡಿತ, ಎಂದು ಸಾರಿದ. ಮಾತು ಮರುದಿನದ ಹಡಗಿನಲ್ಲೇ ಗ್ಲಾಸ್ಗೋ ಸೇರಿತು. ಹೆಕ್ಟರ್ ಮತ್ತೆ ಊರಿಗೆ ಕಾಲಿಡಲಿಲ್ಲ. ಹೀಗೆ ಹನ್ನೊಂದು ವರ್ಷ ಹೋಯಿತು.

ಈ ವಸಂತದಲ್ಲಿ ಹೆಕ್ಟರನೇ ಫೋನು ಮಾಡಿದ. ಎಪ್ಪತ್ತಮೂರನೇ ವಯಸ್ಸಿಗೆ ಮದುವೆಯಾಗುತ್ತಿದ್ದಾನಂತೆ. ಬೇರೇನೂ ಬೇಡ, ಅಪ್ಪನ ಕಿಲ್ಟು ಉಟ್ಟು ಮದುವೆಗೆ ನಿಲ್ಲಬೇಕು, ಒಂದು ಗಂಟೆಯ ಮಟ್ಟಿಗೆ ತಂದುಕೊಡುತ್ತೀಯಾ ಎಂದು ಕೇಳಿದ. ನಮ್ಮ ಗಂಡಸರು ಮೊಣಕಾಲುದ್ದಕ್ಕೆ ಉಡುವ ಆ ನೆರಿಗೆಯ ಉಣ್ಣೆ ಲಂಗವನ್ನು ಅಪ್ಪ ಕೊಟ್ಟದ್ದು ಕಿರಿಯನಿಗೆ. ಫಾರ್ಕರ್ ಎರಡು ದಿನ ಬಿಗುಮಾನ ಮಾಡಿ, ಮೂರನೆಯ ದಿನ ಅಣ್ಣನನ್ನು ಕ್ಷಮಿಸಿಬಿಟ್ಟ. ಕ್ಷಮಿಸಿದ್ದನ್ನೂ ಅಂಚೆ ಕಚೇರಿಯಲ್ಲೇ ಸಾರಿದ. ಮದುವೆ ಊಟದ ಹೊತ್ತಿಗೆ ಓದಲು ಎರಡು ಪುಟದ ಭಾಷಣವನ್ನೂ ಬರೆದ. ಪದಕದ ವಿಷಯ ನಾನು ಮರೆತಿದ್ದೇನೆ ಎಂಬ ಮಾತು ಅದರಲ್ಲಿ ನಾಲ್ಕು ಸಲ ಬರುತ್ತಿತ್ತು.

ಹೆಂಡತಿ ಎಫಿ ಮದುವೆ ಕೆಲಸಕ್ಕೆಂದು ಬುಧವಾರವೇ ಹಡಗು ಹತ್ತಿದ್ದಳು. ಗುರುವಾರ ಹಡಗು ಕೆಟ್ಟಿತು. ನಮ್ಮಲ್ಲಿ ಅದು ಸುದ್ದಿಯಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಗ್ಲಾಸ್ಗೋದಲ್ಲಿ ಮದುವೆ, ಅಲ್ಲಿಗೆ ಮುಟ್ಟಿಸುವುದು ಬೆಳಿಗ್ಗೆ ಒಂಬತ್ತೂವರೆಯ ಪುಟ್ಟ ವಿಮಾನ ಒಂದೇ. ಚೀಲದಲ್ಲಿ ಹಾಕಿದರೆ ಕಿಲ್ಟು ಇನ್ನೆಲ್ಲೋ ಇಳಿಯುತ್ತದೆ, ಖಂಡಿತ, ಎಂದು ಫಾರ್ಕರ್ ಅದನ್ನು ಉಟ್ಟುಕೊಂಡೇ ಹೊರಟ. ಕೈಚೀಲದಲ್ಲಿ ಒಂದು ಪ್ಯಾಂಟು ಇಟ್ಟುಕೊಂಡ. ಹುಟ್ಟಿದ ಮೇಲೆ ವಿಮಾನ ಹತ್ತಿದವನಲ್ಲ.

ನಮ್ಮ ವಿಮಾನ ನಿಲ್ದಾಣ ಎಂದರೆ ಒಂದು ಹಜಾರ, ಒಂದು ಚಹಾ ಯಂತ್ರ, ನಾಲ್ಕು ಜನ ನೌಕರರು. ತಪಾಸಣೆಗೆ ನಿಂತವಳು ಡೊನಲೀನಾ, ಎಫಿಯ ತಂಗಿ. ಹಿಂದಿನ ರಾತ್ರಿ ಅವಳ ಮನೆಯಲ್ಲೇ ಫಾರ್ಕರ್ ಊಟ ಮಾಡಿದ್ದ. ಈಗ ಅವಳು ನೀಲಿ ಅಂಗಿ ತೊಟ್ಟು, ಅವನನ್ನು ಹಿಂದೆಂದೂ ನೋಡದವಳ ಹಾಗೆ, ಸರ್, ಈ ಚೀಲ ತುಂಬಿದ್ದು ನೀವೇನಾ ಎಂದು ಕೇಳಿದಳು. ನಿನ್ನೆ ನಿನ್ನ ಎದುರಿಗೇ ತುಂಬಿದೆನಲ್ಲ ಎಂದ ಫಾರ್ಕರ್. ಅವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು.

ಲೋಹ ಪತ್ತೆ ಮಾಡುವ ಚೌಕಟ್ಟಿನೊಳಗೆ ಕಾಲಿಟ್ಟಿದ್ದೇ ತಡ, ಯಂತ್ರ ಕೂಗಿತು. ಸೊಂಟದ ಮುಂದೆ ಸರಪಳಿಯಲ್ಲಿ ತೂಗುವ ತೊಗಲಿನ ಚೀಲ ಬಿಚ್ಚಿದ. ಅದರೊಳಗಿಂದ ಪುದೀನ ಮಿಠಾಯಿಯೂ ಭಾಷಣವೂ ಹೊರಬಂದವು. ಯಂತ್ರ ಕೂಗಿತು. ಬೆಲ್ಟು ಬಿಚ್ಚಿದ, ಬೂಟು ಕಳಚಿದ, ಕಿಲ್ಟಿನ ಪಿನ್ನು ತೆಗೆದ. ಆಮೇಲೆ ಉಣ್ಣೆ ಕಾಲುಚೀಲದಿಂದ ಗಿಡ್ಡ ಚಾಕನ್ನು ಎಳೆದು ತಟ್ಟೆಗೆ ಹಾಕಿದ. ಅದು ಚಾಕಲ್ಲ, ಉಡುಪಿನ ಭಾಗ ಎಂದು ವಾದಿಸಿದ. ಆ ಭಾಗ ದ್ವೀಪದಲ್ಲೇ ಉಳಿಯುತ್ತದೆ ಎಂದು ಡೊನಲೀನಾ ಅದನ್ನು ಡಬ್ಬಿಗೆ ಹಾಕಿ ಬೀಗ ಜಡಿದಳು. ಇಷ್ಟಾದರೂ ಯಂತ್ರ ಕೂಗಿತು, ಈ ಸಲ ಮೊಣಕಾಲಿನ ಮಟ್ಟದಲ್ಲಿ.

ಫಾರ್ಕರನಿಗೆ ಆಗ ನೆನಪಾಯಿತು. ಕಿಲ್ಟಿನ ಕೆಳಗಿನ ಅಂಚನ್ನು ಮಡಿಚಿ ಹೊಲಿಯುವ ಪದ್ಧತಿ ಯಾವ ದರ್ಜಿಗೂ ಇಲ್ಲ. ಆದರೆ ಒಮ್ಮೆ ಯುದ್ಧ ಸ್ಮಾರಕದ ಮುಂದೆ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ ಗಾಳಿ ಅಪ್ಪನ ಕಿಲ್ಟನ್ನು ಎತ್ತಿ, ಪಾದ್ರಿಯ ಹೆಂಡತಿಗೆ ಕಾಣಬಾರದ್ದೆಲ್ಲ ಕಂಡಿತ್ತು. ಕಿಲ್ಟಿನೊಳಗೆ ಏನೂ ಹಾಕದಿರುವುದು ಆ ಮನೆಯ ಗಂಡಸರ ಕಟ್ಟುನಿಟ್ಟು. ಕಟ್ಟುನಿಟ್ಟು ಬಿಡುವ ಬದಲು ಮುದುಕ ಆ ಚಳಿಗಾಲ ಒಲೆಯ ಪಕ್ಕ ಕೂತು, ಒಳಬದಿಗೆ ಹಾಯಿ ಬಟ್ಟೆಯ ಪಟ್ಟಿಯೊಂದನ್ನು ಹೊಲಿದು ಅದರೊಳಗೆ ಬಲೆಗೆ ಕಟ್ಟುವ ಸೀಸದ ಗುಂಡು ತುಂಬಿದ. ಸಾಯುವ ಮುನ್ನ ಅವನು ಮಾಡಿದ ಕೊನೆಯ ಹೊಲಿಗೆ ಅದು.

ಅವನು ಇದನ್ನು ಹೇಳಿದ ಮೇಲೆ, ಸೀಸವಾದರೆ ಗಂಡಸೊಬ್ಬ ಮುಟ್ಟಿ ನೋಡಬೇಕು, ನಿಯಮ ಎಂದಳು ಡೊನಲೀನಾ. ನಿಲ್ದಾಣದ ಒಬ್ಬನೇ ಗಂಡು ತಪಾಸಣೆಗಾರ ಲಾಕ್ಲನ್. ಅವನೇ ಸಾಮಾನು ಏರಿಸುವವನು, ಅವನೇ ಅಗ್ನಿಶಾಮಕ ದಳ. ವಿಮಾನ ಇಳಿಯುವಾಗಲೂ ಏರುವಾಗಲೂ ಅವನು ಬೆಂಕಿ ವಾಹನದಲ್ಲಿ ಕೂತಿರಲೇಬೇಕು. ವಿಮಾನ ಆಗತಾನೆ ಇಳಿಯುತ್ತಿತ್ತು. ಲಾಕ್ಲನ್ ಒಳಗೆ ಬರುವ ತನಕ ಫಾರ್ಕರನನ್ನು ಮುಟ್ಟುವಂತಿಲ್ಲ, ಅವನು ವಾಹನಕ್ಕೆ ಮರಳುವ ತನಕ ವಿಮಾನ ಏಳುವಂತಿಲ್ಲ. ಏಳು ಜನ ಪ್ರಯಾಣಿಕರು ಚಹಾ ಯಂತ್ರದ ಸುತ್ತ ನಿಂತು, ಕಾಲುಚೀಲದಲ್ಲಿ ನಿಂತಿದ್ದ ಹಳೇ ಅಂಚೆಯವನನ್ನು ಕಣ್ತುಂಬ ನೋಡಿದರು. ಮೂವತ್ತನಾಲ್ಕು ವರ್ಷದ ಉಪದೇಶಕ್ಕೆ ಬಡ್ಡಿ ಸಿಕ್ಕಂತೆ ಅವರಿಗೆ ಅನಿಸಿದ್ದರೆ ನಾನು ತಪ್ಪು ಎಣಿಸುವುದಿಲ್ಲ.

ಲಾಕ್ಲನ್ ಹೆಲ್ಮೆಟ್ಟಿನಲ್ಲೇ ಓಡಿ ಬಂದು ಪಟ್ಟಿಯನ್ನು ತಡವಿದ. ಕೈಗೆ ಏನೂ ತಿಳಿಯುವುದಿಲ್ಲ, ಎಕ್ಸ್-ರೇ ಪೆಟ್ಟಿಗೆಗೇ ಹಾಕಬೇಕು ಎಂದ. ಎಂದರೆ ಕಿಲ್ಟು ಬಿಚ್ಚಬೇಕು. ಪ್ಯಾಂಟಿದ್ದ ಕೈಚೀಲ ಆಗಲೇ ತಪಾಸಣೆ ದಾಟಿ ಆಚೆ ಹೋಗಿತ್ತು, ತಾನು ದಾಟುವ ತನಕ ಅದನ್ನು ಮುಟ್ಟುವಂತಿಲ್ಲ. ಮರೆಗೆ ಇದ್ದದ್ದು ಪೊರಕೆ ಇಡುವ ಕೋಣೆ. ಫಾರ್ಕರ್ ಅದರೊಳಗೆ ಹೋಗಿ, ಲಾಕ್ಲನನ ಹಳದಿ ಬೆಂಕಿ ಕೋಟನ್ನು ಸೊಂಟಕ್ಕೆ ಸುತ್ತಿಕೊಂಡು, ಅಪ್ಪನ ಕಿಲ್ಟನ್ನು ಎರಡು ಕೈಯಲ್ಲಿ ಹಿಡಿದು ಹೊರಬಂದ. ಮುಖ ಕೆಂಪಾಗಿತ್ತು, ಗದ್ದ ಮಾತ್ರ ಮೇಲೆಯೇ ಇತ್ತು.

ಡೊನಲೀನಾ ಪರದೆ ನೋಡಿದಳು. ಮತ್ತೆ ನೋಡಿದಳು. ಸರ್ ಎನ್ನುವುದನ್ನು ಆಗ ಬಿಟ್ಟಳು.

"ಭಾವ, ಇಲ್ಲಿ ಹದಿನಾಲ್ಕು ಗುಂಡಿದೆ. ಹದಿನೈದನೇದು ಗುಂಡಲ್ಲ. ಚಪ್ಪಟೆಯಾಗಿದೆ, ಮೇಲೊಂದು ಕೊಂಡಿ ಇದೆ."

ಬಿಚ್ಚಿ ನೋಡದೆ ಬಿಡುವಂತಿಲ್ಲ. ಹಾಯಿ ದಾರ ಹಲ್ಲಿಗೂ ಬಗ್ಗಲಿಲ್ಲ, ಉಗುರಿಗೂ ಬಗ್ಗಲಿಲ್ಲ. ಕತ್ತರಿ ಎಂಬ ವಸ್ತು ಆ ಹಜಾರದಲ್ಲಿ ಇರುವಂತೆಯೇ ಇಲ್ಲ. ಕೊನೆಗೆ ಡಬ್ಬಿಯ ಬೀಗ ತೆಗೆದು ಫಾರ್ಕರನ ಚಾಕನ್ನೇ ಹೊರತೆಗೆದರು. ಚಾಕು ಹೊರಗಿರುವಷ್ಟು ಹೊತ್ತು ಪ್ರಯಾಣಿಕರು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು ಎಂದು ಲಾಕ್ಲನ್ ಅಪ್ಪಣೆ ಮಾಡಿದ. ಎಲ್ಲರೂ ನಿಂತರು. ಡೊನಲೀನಾ ಒಂದೊಂದೇ ಹೊಲಿಗೆ ಕುಯ್ದಳು. ಗುಂಡುಗಳು ತಟ್ಟೆಯಲ್ಲಿ ಉರುಳಿದವು, ಹಿಂದೆಯೇ ಬೆಳ್ಳಿ ಪದಕ ಬಿತ್ತು. ಒಂದು ಗುಂಡು ಕಡಿಮೆ ಬಿದ್ದಿರಬೇಕು. ಕೈಗೆ ಸಿಕ್ಕ ಭಾರದ ವಸ್ತುವನ್ನು ಮುದುಕ ತುರುಕಿ ಹೊಲಿದುಬಿಟ್ಟಿದ್ದ.

ಹನ್ನೊಂದು ವರ್ಷ ಫಾರ್ಕರ್ ಅದನ್ನು ಉಟ್ಟುಕೊಂಡೇ ಮದುವೆಗಳಿಗೆ ಹೋಗಿದ್ದ, ಸಾವುಗಳಿಗೆ ಹೋಗಿದ್ದ, ಅಣ್ಣ ಕಳ್ಳ ಎಂದು ಕಂಡಕಂಡವರಿಗೆ ಹೇಳಿದ್ದ. ಹೇಳುವಾಗಲೆಲ್ಲ ಪದಕ ಅವನ ಮೊಣಕಾಲಿಗೆ ತಾಗುತ್ತಲೇ ಇತ್ತು. ಅವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತುಬಿಟ್ಟ. ನಾಚಿಕೆ ಎಂದರೇನೆಂದು ಪೊರಕೆ ಕೋಣೆಯಲ್ಲಿ ತಿಳಿಯದಿದ್ದದ್ದು ಈಗ ತಿಳಿಯಿತು.

"ವಿಮಾನ ಹೋಗ್ಲಿ ಬಿಡು. ನಾನು ಬರಲ್ಲ," ಎಂದ. "ಕಿಲ್ಟು ನೀನೇ ಯಾರ ಕೈಲಾದ್ರೂ ಕಳ್ಸು. ಯಾವ ಮುಖ ಇಟ್ಕೊಂಡು ಹೋಗ್ಲಿ?"

ಡೊನಲೀನಾ ಚಾಕನ್ನು ಡಬ್ಬಿಗೆ ಹಾಕಿ ಮತ್ತೆ ಬೀಗ ಜಡಿದಳು.

"ಊರಿಗೆಲ್ಲ ಕೇಳೋ ಹಾಗೆ ಹನ್ನೊಂದು ವರ್ಷ ಹೇಳಿದ್ರಲ್ಲ ಭಾವ, ಆಗ ಗಂಟಲು ನೋಯ್ಲಿಲ್ಲ. ಈಗ ಒಬ್ಬನ ಮುಂದೆ ಒಂದೇ ಒಂದ್ಸಲ ಹೇಳೋಕೆ ಆಗಲ್ವಾ? ಇರೋ ಮುಖಾನೇ ಇಟ್ಕೊಂಡು ಹೋಗಿ."

ಅವನು ಎದ್ದು, ಪೊರಕೆಗಳ ನಡುವೆ ಕಿಲ್ಟು ಉಟ್ಟು ಬಂದ. ಈ ಸಲ ಯಂತ್ರ ಸುಮ್ಮನಿತ್ತು. ಲಾಕ್ಲನ್ ಬೆಂಕಿ ವಾಹನಕ್ಕೆ ಓಡಿದ, ವಿಮಾನ ಐವತ್ತು ನಿಮಿಷ ತಡವಾಗಿ ಎದ್ದಿತು. ಭಾಷಣವನ್ನು ಫಾರ್ಕರ್ ಮೋಡದ ಮೇಲೆ ಸಣ್ಣಗೆ ಹರಿದು, ವಾಂತಿಗೆಂದು ಇಟ್ಟ ಕಾಗದದ ಚೀಲಕ್ಕೆ ತುಂಬಿದ. ಗ್ಲಾಸ್ಗೋದಲ್ಲಿ ಇಳಿಯುವಾಗ ಸೀಸವಿಲ್ಲದ ಕಿಲ್ಟನ್ನು ಗಾಳಿ ಎತ್ತಿತು. ಅವನು ಒಂದೇ ಕೈಯಲ್ಲಿ ಹಿಡಿದುಕೊಂಡ, ಇನ್ನೊಂದು ಕೈಯಲ್ಲಿ ಪದಕವಿತ್ತು.

ಚರ್ಚಿನ ಹಿಂದಿನ ಕೋಣೆಯಲ್ಲಿ ಹೆಕ್ಟರ್ ಮದುವೆಯ ಕೋಟು, ಟೈ, ಕಾಲುಚೀಲ ಎಲ್ಲ ಹಾಕಿಕೊಂಡು, ನಡುವಿಗೆ ಒಂದು ಟವೆಲು ಸುತ್ತಿ ಕಾಯುತ್ತಿದ್ದ. ಹನ್ನೆರಡಕ್ಕೆ ಎಂಟು ನಿಮಿಷವಿತ್ತು. ಫಾರ್ಕರ್ ಕಿಲ್ಟು ಬಿಚ್ಚಿ ಅಣ್ಣನ ಕೈಗೆ ಕೊಟ್ಟ. ಬರೀ ಅಂಗಿಯಲ್ಲಿ ನಿಂತು, ಪದಕವನ್ನು ಮೇಜಿನ ಮೇಲಿಟ್ಟ.

"ಅಪ್ಪ ಇದನ್ನ ಕಿಲ್ಟಿನ ಅಂಚಲ್ಲಿ ಹೊಲಿದಿದ್ದ ಅಣ್ಣ. ನನ್ನ ಹತ್ರಾನೇ ಇತ್ತು. ನಾನು ನಿನ್ನ ಕಳ್ಳ ಅಂದೆ."

ಹೆಕ್ಟರ್ ಪದಕವನ್ನು ಎತ್ತಿ, ತಿರುಗಿಸಿ, ಬೆರಳಿನಿಂದ ಒರೆಸಿದ. ಬೈಯುತ್ತಾನೆ ಎಂದು ಫಾರ್ಕರ್ ಕಾದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

"ನೀನು ಅಷ್ಟು ಖಂಡಿತವಾಗಿ ಹೇಳ್ದೆಯಲ್ಲ, ನಾನೇ ತಗೊಂಡ್ಬಂದು ಮರ್ತಿದ್ದೀನೇನೋ ಅಂತ ಮನೇನ ಮೂರು ಸಲ ಹುಡುಕಿದೀನಿ ಕಣೋ," ಎಂದ ಹೆಕ್ಟರ್. "ಒಂದ್ಸಲ ನೆಲದ ಹಲಗೇನೂ ಕಿತ್ತಿದ್ದೆ."

ಹೊರಗೆ ಆರ್ಗನ್ ಶುರುವಾಯಿತು. ಫಾರ್ಕರ್ ಅಳತೊಡಗಿದ್ದ, ಅಳು ನಿಲ್ಲಲಿಲ್ಲ. ಕೊನೆಗೆ ಮದುಮಗನೇ ಕೈಚೀಲ ತೆರೆದು, ತಮ್ಮನ ಪ್ಯಾಂಟನ್ನು ಹುಡುಕಿ, ಕೈಗೆ ಕೊಟ್ಟ.