ನಾನು ಒಣಗಿಸಿದ ಕಮರದ ಮರ

ಕೂಡ್ಲಿಗಿಯ ಹೋಟೆಲುಗಳಿಗೆ ಗ್ಯಾಸ್ ಇನ್ನೂ ಬಂದಿರದ ದಿನಗಳವು. ನಮ್ಮೂರ ಹೆಂಗಸರು ಗುಡ್ಡದಿಂದ ಕಟ್ಟಿಗೆ ಹೊರೆ ಹೊತ್ತು ತಂದರೇ ಅಲ್ಲಿ ಮಿರ್ಚಿ ಎಣ್ಣೆಗೆ ಬೀಳುತ್ತಿತ್ತು. ಅವ್ವನೂ ಹೊರೆ ಹೊರುತ್ತಿದ್ದಳು. ಬೇಸಿಗೆ ರಜೆಯಲ್ಲಿ ನಾನು ರೊಟ್ಟಿ ಗಂಟು ಹಿಡಿದು ಅವಳ ಹಿಂದೆ ಹೋಗುತ್ತಿದ್ದೆ. ಗುರೆಳ್ಳು ಪುಡಿ ಹಚ್ಚಿದ ತಂಗಳು ರೊಟ್ಟಿಗೆ ಗುಡ್ಡದ ಮೇಲೆ ಇದ್ದ ರುಚಿ ಮನೆಯಲ್ಲಿ ಇರುತ್ತಿರಲಿಲ್ಲ.

ಗುಡ್ಡ ಸರ್ಕಾರದ್ದು. ಹಸಿ ಮರ ಕಡಿದರೆ ಗಾರ್ಡ್ ಕೊಡಲಿ ಕಸಿದುಕೊಂಡು ಕೇಸು ಹಾಕುತ್ತಿದ್ದ. ಒಣಗಿದ್ದನ್ನು ಹೊತ್ತರೆ ನೋಡಿಯೂ ನೋಡದಂತೆ ಹೋಗುತ್ತಿದ್ದ. ಹೆಂಗಸರು ಅದಕ್ಕೊಂದು ಉಪಾಯ ಹುಡುಕಿದ್ದರು. ಈ ಬೇಸಿಗೆಯಲ್ಲಿ ಒನಕೆ ಗಾತ್ರದ ಗಿಡ ಆರಿಸಿ, ಸುತ್ತಲೂ ಬಳೆಯಂತೆ ತೊಗಟೆ ಕೆತ್ತಿ, ಗಾರ್ಡಿಗೆ ಕಾಣದಂತೆ ಮಣ್ಣು ಕಲಸಿ ಮೆತ್ತುವುದು. ಮುಂದಿನ ಬೇಸಿಗೆಗೆ ಅದು ತಾನಾಗಿ ಸತ್ತಂತೆ ಒಣಗಿ ನಿಂತಿರುತ್ತಿತ್ತು. ಒಂಬತ್ತು ವರ್ಷದ ಹುಡುಗಿ ನನಗೆ ಇದು ಭಾರಿ ಜಾಣತನ ಎನಿಸಿತ್ತು.

ಅವ್ವನಿಗೆ ನೆರವಾಗಬೇಕೆಂದು ಹುಮ್ಮಸ್ಸು ಬಂತು. ಸಣ್ಣ ಗಿಡವೇಕೆ, ದೊಡ್ಡದನ್ನೇ ಒಣಗಿಸೋಣ ಎಂದುಕೊಂಡೆ. ಗುಡ್ಡದ ಬುಡದಲ್ಲಿ ನನ್ನ ಎರಡು ತೋಳಿಗೂ ಸಿಗದಷ್ಟು ದಪ್ಪನೆಯ ಕಮರದ ಮರವಿತ್ತು. ಹೆಂಗಸರು ಮೇಲೆ ಹೊರೆ ಕಟ್ಟುವಾಗ ಕೆಳಗೆ ಕೂತು, ಅವ್ವನ ಸಣ್ಣ ಕೊಡಲಿಯಿಂದ ಐದು ದಿನ ಕೆತ್ತಿದೆ. ಹಸಿ ತೊಗಟೆಯ ಒಗರು ವಾಸನೆ ಕೈಗೆ ಅಂಟಿಕೊಂಡಿತ್ತು. ಮಣ್ಣು ಮೆತ್ತಿದೆ, ಯಾರಿಗೂ ಹೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಮರ ಚಿಗುರಲಿಲ್ಲ. ಹುಲ್ಲೆಲ್ಲ ಸುಟ್ಟುಹೋದ ಮೇಲೆ ಕುರಿಮರಿಗಳಿಗೆ ಉಳಿಯುತ್ತಿದ್ದದ್ದು ಕಮರದ ಎಳೆಸೊಪ್ಪೊಂದೇ. ಅವ್ವನ ಅಣ್ಣ ಕುರಿ ಕಾಯುತ್ತಿದ್ದ. ಆ ಮರವನ್ನೇ ನಂಬಿದ್ದ ಮಾವ ನಮ್ಮ ಅಂಗಳಕ್ಕೆ ಬಂದು ಕೂಗಾಡಿದ.

"ಯಾವ ಮನಿಹಾಳರು ಕೆತ್ಯಾರ? ನನ್ನ ಮರಿ ಏನು ತಿನ್ಬೇಕು ಈಗ?"

ನಾನು ಅವ್ವನ ಸೆರಗಿನ ಹಿಂದೆ ಸರಿದೆ. ಅವ್ವ ನನ್ನನ್ನು ಒಳಗೆ ಎಳೆದುಕೊಂಡು ಹೋದಳು.

"ಲೇ, ನೀನೇನು?"

ಹೌದೆಂದು ತಲೆಯಾಡಿಸಿದೆ. ಅವ್ವ ಹೊರಗೆ ಹೋದಳು.

"ನಾನ ಕೆತ್ತೀನಿ, ಅಣ್ಣ. ತಪ್ಪಾತು."

ಮಾವ ಅವಳನ್ನೇ ನೋಡಿದ. ತಿರುಗಿ ಹೊರಟುಹೋದ. ಮಂದೆಯನ್ನು ಹಂಪಸಾಗರದ ಹಿನ್ನೀರಿನ ಕಡೆ ಹೊಡೆದುಕೊಂಡು ನಡೆದ. ಆ ಬಿಸಿಲಿನ ದಾರಿಯಲ್ಲಿ ಏಳು ಮರಿ ಸತ್ತವಂತೆ. ಒಣಗಿದ ಮರವನ್ನು ಬೇರೆ ಹೆಂಗಸರು ಒಂದು ವಾರ ಕಡಿದು ಹೊತ್ತರು. ಅವ್ವ ಅದರ ಚಕ್ಕೆಯನ್ನೂ ಮುಟ್ಟಲಿಲ್ಲ.

ಅಂದಿನಿಂದ ಮಾವ ನಮ್ಮ ಮನೆಯ ನೀರು ಕುಡಿಯಲಿಲ್ಲ. ನನ್ನ ಮದುವೆಯಲ್ಲಿ ಸೋದರಮಾವನ ಜಾಗದಲ್ಲಿ ಬೇರೆ ಯಾರನ್ನೋ ನಿಲ್ಲಿಸಬೇಕಾಯಿತು. ಅವ್ವ ಆ ದಿನ ಸೆರಗಿನಿಂದ ಕಣ್ಣೊರೆಸಿಕೊಂಡಳು, ನನಗೆ ಮಾತ್ರ ಏನೂ ಅನ್ನಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹೆದರಿಕೆ ಮೊದಲು, ಆಮೇಲೆ ನಾಚಿಕೆ, ಆಮೇಲೆ ಬರೀ ಸೋಮಾರಿತನ.

ಈಗ ಗುಡ್ಡಕ್ಕೆ ಕಟ್ಟಿಗೆಗೆಂದು ಯಾರೂ ಹೋಗುವುದಿಲ್ಲ. ಕಮರದ ಸಸಿಗಳು ಮತ್ತೆ ಎದ್ದಿವೆ, ಮೇಯುವ ಮಂದೆಗಳಿಲ್ಲ. ಗುಡ್ಡ ಕಳೆದುಕೊಂಡದ್ದು ಬಂತು, ನಮ್ಮ ಮನೆ ಕಳೆದುಕೊಂಡದ್ದು ಬರಲಿಲ್ಲ.

ಅವ್ವ ಹೋದ ದಿನ ಮಾವ ಬಂದ. ಮಣ್ಣು ಮಾಡಿ ಬಂದ ಮೇಲೆ ಅವನ ಪಕ್ಕ ಕೂತು, ಕೆತ್ತಿದವಳು ನಾನು ಎಂದೆ.

"ಗೊತ್ತಿತ್ತವ್ವ. ಇಷ್ಟಿಷ್ಟ ಏಟು, ಕೂಸಿನ ಕೈಯವು. ಅಕಿ ಕೆತ್ತಿದ್ರ ನಾಕ ಏಟಿಗೆ ತೊಗಟಿ ಬಿಡ್ತಿತ್ತು."

"ಮತ್ತ ಇಷ್ಟು ವರ್ಷ ಅಕಿ ಕೂಡ ಯಾಕ ಮಾತು ಬಿಟ್ಟಿ, ಮಾವ?"

"ಸುಳ್ಳು ಹೇಳಿದ್ಲಲ್ಲ. ಒಂದಿನ ಬಂದು ಖರೇ ಹೇಳ್ತಾಳ ಅಂತ ಕಾದೆ."

ಅವ್ವ ಹೇಗೆ ಹೇಳಿಯಾಳು? ಹೇಳಬೇಕಾದವಳು ನಾನಿದ್ದೆ. ಮಾವನ ಮನೆ ನಮ್ಮ ಮನೆಯಿಂದ ನಾಲ್ಕೇ ಮನೆ ಆಚೆ ಇತ್ತು.