ಉಸಿರಾಡುವುದನ್ನು ಇಡುವ ಹಾಗಿಲ್ಲ

ಬೇಡಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಗೋದಾಮಿಗೆ ಸಾಮಾನು ತಂದವರೆಲ್ಲ ಸೇರಿ ದಯಪಾಲಿಸಿದ ಬಿರುದು. ಊರಂಚಿನಲ್ಲಿ ತಗಡಿನ ಸೂರಿನ ದೊಡ್ಡ ಕಟ್ಟಡ, ಒಳಗೆ ಉದ್ದನೆಯ ಓಣಿ, ಓಣಿಯ ಎರಡೂ ಕಡೆ ಶಟರ್ ಇರುವ ಪುಟ್ಟ ಪುಟ್ಟ ಕೋಣೆಗಳು. ಮನೆಯಲ್ಲಿ ಜಾಗ ಸಾಲದ, ಬಿಸಾಡಲು ಮನಸ್ಸೂ ಬಾರದ ಸಾಮಾನನ್ನು ಜನ ಅಲ್ಲಿ ಬಾಡಿಗೆಗೆ ಇಟ್ಟು, ತಮ್ಮದೇ ಬೀಗ ಜಡಿದು ಹೋಗುತ್ತಿದ್ದರು. ಬೇಡಣ್ಣ ಅದರ ಮ್ಯಾನೇಜರ್. ಗಾಡಿ ಬಂದು ನಿಲ್ಲುವುದೇ ತಡ, ಮೇಜಿನ ಹಿಂದಿನಿಂದ "ಅದು ಬೇಡ" ಎಂಬ ಸ್ವಾಗತ ಕೇಳಿಬರುತ್ತಿತ್ತು.

ಅಕ್ಕಿ ಬೇಳೆ ಬೇಡ, ಇಲಿಗಳು ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬರುತ್ತವೆ. ಗ್ಯಾಸ್ ಸಿಲಿಂಡರ್ ಬೇಡ. ಅರೆಬರೆ ಒಣಗಿದ ಕಂಬಳಿ ಬೇಡ. ಫ್ರಿಜ್ ಆದರೆ ಬಾಗಿಲು ಬಿಗಿಯಾಗಿ ಮುಚ್ಚಬೇಡಿ, ಬೂಷ್ಟು ಹಿಡಿಯುತ್ತದೆ. ಒಬ್ಬ ಮಹಾಶಯ ಪಾರಿವಾಳದ ಗೂಡನ್ನು ಪಾರಿವಾಳಗಳ ಸಮೇತ ತಂದಿಳಿಸಿದಾಗ ಬೇಡಣ್ಣ ಕೈಮುಗಿದು, "ಸ್ವಾಮಿ, ಉಸಿರಾಡೋದು ಯಾವುದನ್ನೂ ಇಲ್ಲಿ ಇಡೋ ಹಾಗಿಲ್ಲ" ಎಂದಿದ್ದ. ಈ ನಿಯಮದಲ್ಲಿ ಮನುಷ್ಯರಿಗೂ ರಿಯಾಯಿತಿ ಇರಲಿಲ್ಲ. ಮನೆಯಲ್ಲಿ ಗಲಾಟೆಯೆಂದು ತನ್ನ ಕೋಣೆಯೊಳಗೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಷ್ಟ್ರೊಬ್ಬರನ್ನು ಅವತ್ತೇ ಗಂಟುಮೂಟೆ ಸಮೇತ ಖಾಲಿ ಮಾಡಿಸಿದ್ದ.

ಹಗಲೆಲ್ಲ ಹೇಳಿದ್ದು ಸಾಲದೆ ಊಟಕ್ಕೆ ಕುಳಿತಾಗ ಇದೇ ಪುರಾಣವನ್ನು ಹೆಂಡತಿಗೂ ಬಿಚ್ಚುತ್ತಿದ್ದ. ಮರದ ಸಾಮಾನು ನೆಲಕ್ಕೆ ತಾಗಬಾರದು, ಹಲಗೆ ಕೊಡಬೇಕು. ಗೋಡೆಗೆ ಒತ್ತಿಡಬಾರದು. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ, ಹತ್ತಿ ಬಟ್ಟೆಯೇ ಆಗಬೇಕು. ಆಕೆ ಬಡಿಸುತ್ತ, "ಹೌದಾ? ಆಮೇಲೆ?" ಎನ್ನುತ್ತಿದ್ದಳು. ತನ್ನ ಕೆಲಸದಲ್ಲಿ ಇಷ್ಟು ಆಸಕ್ತಿ ಇರುವ ಹೆಂಡತಿ ಇನ್ಯಾರಿಗಿದ್ದಾಳೆ ಎಂದು ಅವನು ಒಳಗೊಳಗೇ ಬೀಗುತ್ತಿದ್ದ. ವಾರದ ರಜೆಯಲ್ಲಿ ಅವನು ಮಧ್ಯಾಹ್ನ ಕಾಲು ಚಾಚಿ ಮಲಗಿದರೆ, ಆಕೆ ತಮ್ಮನ ಮನೆಗೆಂದು ಹೊರಡುತ್ತಿದ್ದಳು.

ಅಂಥದ್ದೊಂದು ರಜೆಯ ದಿನ, ಕನ್ನಡಕವನ್ನು ಗೋದಾಮಿನ ಮೇಜಿನ ಮೇಲೆಯೇ ಮರೆತದ್ದು ನೆನಪಾಗಿ ಬೇಡಣ್ಣ ಅಲ್ಲಿಗೆ ಹೋದ. ಬದಲಿ ಕಾವಲುಗಾರ ಅವನನ್ನು ಕಂಡದ್ದೇ ಗಡಬಡಿಸಿ ಎದ್ದು ಓಣಿಗೆ ಅಡ್ಡ ನಿಂತ.

"ಏನ್ ಸಾರ್, ರಜೆ ದಿನ! ಬನ್ನಿ, ಹೊರಗೆ ಹೋಗಿ ಚಹಾ ಕುಡಿಯೋಣ."

"ಒಳಗೇನದು ಸದ್ದು?"

"ಸದ್ದಾ? ಗಾಳಿ ಇರ್ಬೇಕು ಸಾರ್."

ಗಾಳಿ ತಾಳ ತಪ್ಪದೆ ಹಾಡುವುದನ್ನು ಬೇಡಣ್ಣ ಎಲ್ಲೂ ಕೇಳಿರಲಿಲ್ಲ. ಸದ್ದಿನ ಜಾಡು ಹಿಡಿದು ಹೋದ. ಅದು ಬರುತ್ತಿದ್ದುದು ಹೆಂಡತಿಯ ತಮ್ಮ, "ಹಳೇ ಮಂಚ ಇದೆ ಭಾವ" ಎಂದು ಹೇಳಿ ಬಾಡಿಗೆಗೆ ಹಿಡಿದಿದ್ದ ಕೋಣೆಯಿಂದ. ಅರ್ಧ ಇಳಿಸಿದ್ದ ಶಟರನ್ನು ಬೇಡಣ್ಣ ದಡಾರನೆ ಮೇಲೆತ್ತಿದ.

ಮಂಚವೂ ಇಲ್ಲ, ಗಿಂಚವೂ ಇಲ್ಲ. ಚಾಪೆಯ ಮೇಲೆ ಅವನ ಹೆಂಡತಿ, ಮುಂದೆ ಹಾರ್ಮೋನಿಯಂ, ಎದುರಿಗೆ ಗೋದಾಮಿನ ಹೊರಗಿನ ಚಹಾ ಅಂಗಡಿಯ ಯಜಮಾನಿ, ಪಕ್ಕದಲ್ಲಿ ಆಕೆಯ ಸೊಸೆ. ಮನೆಯಲ್ಲಿ ಜಾಗ ತಿನ್ನುತ್ತದೆ ಎಂದು ಅವನು ಗೊಣಗಿದ್ದಕ್ಕೆ ಎಷ್ಟೋ ವರ್ಷಗಳ ಹಿಂದೆ ಆಕೆ ತಮ್ಮನಿಗೆ ಕೊಟ್ಟುಬಿಟ್ಟೆ ಎಂದಿದ್ದ ಹಾರ್ಮೋನಿಯಂ ಅದು. ಅದರ ಪೆಟ್ಟಿಗೆ ಗೋಡೆಯಿಂದ ಗೇಣು ದೂರದಲ್ಲಿ, ಎರಡು ಹಲಗೆಗಳ ಮೇಲಿತ್ತು. ಪಕ್ಕದಲ್ಲಿ ಮಡಿಸಿಟ್ಟ ಹತ್ತಿಯ ಹೊದಿಕೆ, ಮೂಲೆಮೂಲೆಗೂ ನುಸಿಗುಳಿಗೆ. ಇಡೀ ಗೋದಾಮಿನಲ್ಲಿ ತನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ಒಬ್ಬ ಗಿರಾಕಿ ಸಿಕ್ಕಿದ ಸಂತೋಷಕ್ಕೆ ಬೇಡಣ್ಣನ ಎದೆ ಉಬ್ಬಿತು. ಸಿಟ್ಟು ಮಾಡಬೇಕಾದದ್ದು ಆಮೇಲೆ ನೆನಪಾಯಿತು.

"ಒಳಗೆ ಜನ ಕೂರೋ ಹಾಗಿಲ್ಲ" ಎಂದ. ದನಿ ಅಂದುಕೊಂಡಷ್ಟು ಗಡುಸಾಗಿ ಬರಲಿಲ್ಲ.

"ಗೊತ್ತು ರೀ."

"ಇವತ್ತೇ ಖಾಲಿ ಮಾಡ್ಬೇಕಾಗುತ್ತೆ. ಮೇಷ್ಟ್ರಿಗೊಂದು ನಿನಗೊಂದು ಅನ್ನೋಕಾಗಲ್ಲ."

"ಮಾಡ್ತೀನಿ. ಎಲ್ಲಿಗೆ ತಗೊಂಡು ಹೋಗ್ಲಿ, ಅದನ್ನ ಹೇಳಿ."

"ಮನೆಗೆ. ಇನ್ನೆಲ್ಲಿಗೆ? ಜಾಗ ಮಾಡಿದ್ರಾಯ್ತು."

ಆಕೆ ಹಾರ್ಮೋನಿಯಂನ ತಿದಿಯನ್ನು ಮೆಲ್ಲಗೆ ಮುಚ್ಚಿದಳು. ಅದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. "ಜಾಗದ ವಿಷಯ ಅಲ್ಲ ರೀ. ಅವತ್ತು ನಿಮ್ಮ ಅಕ್ಕ ಭಾವ ಎಲ್ಲ ಕೂತಿದ್ದಾಗ ನಾನು ಹಾಡ್ತಿದ್ದೆ. 'ಸಾಕು, ನಿಲ್ಸು' ಅಂದ್ರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಲ್ಲಿಂದಾಚೆ ಮನೇಲಿ ಬಾಯಿ ಬಿಟ್ಟಿಲ್ಲ."

"ಹಾಗಂದಿದ್ನಾ? ನನಗೆ ನೆನಪೇ ಇಲ್ವಲ್ಲೇ."

"ನನಗಿದೆ."

ಚಹಾ ಅಂಗಡಿಯ ಯಜಮಾನಿ ಸೊಸೆಯನ್ನು ಎಬ್ಬಿಸಿಕೊಂಡು ಸದ್ದಿಲ್ಲದೆ ಹೊರಟುಹೋದಳು. ಬೇಡಣ್ಣನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಆಕೆ ಹಾಡುವುದನ್ನು ನಿಲ್ಲಿಸಿದ್ದು ತನ್ನ ಗಮನಕ್ಕೇ ಬರಲಿಲ್ಲವಲ್ಲ ಎಂದು ಸಂಕಟವಾಯಿತು.

ಹಾರ್ಮೋನಿಯಂ ಅನ್ನು ಪೆಟ್ಟಿಗೆಗಿಳಿಸಿ ಅವನೇ ತಲೆಯ ಮೇಲೆ ಹೊತ್ತ. ಬೆಪ್ಪಾಗಿ ನಿಂತಿದ್ದ ಕಾವಲುಗಾರ ಕೈ ಹಚ್ಚಲು ಬಂದರೂ ಬಿಡಲಿಲ್ಲ. ಮನೆಗೆ ಹೋದವನೇ ಕಿಟಕಿಯ ಪಕ್ಕ ತಾನು ಮಲಗುವ ಜಾಗದಲ್ಲಿ ಹಲಗೆ ಹಾಕಿ, ಗೋಡೆಯಿಂದ ಗೇಣು ಬಿಟ್ಟು ಅದನ್ನಿಟ್ಟ. ತನ್ನ ಹಾಸಿಗೆಯನ್ನು ಅಡುಗೆಮನೆಯ ಬಾಗಿಲ ಬಳಿ ಎಳೆದುಕೊಂಡ. ಆಕೆ ನೋಡಿದಳು. ಆದರೆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಬರುಬರುತ್ತಾ ಬೇಡಣ್ಣ ಊಟಕ್ಕೆ ಕುಳಿತರೆ ಗೋದಾಮಿನ ಪುರಾಣವನ್ನೂ ಮರೆತು ಆ ಪೆಟ್ಟಿಗೆಯತ್ತ ಕಳ್ಳನೋಟ ಬೀರತೊಡಗಿದ. ಹಾಡು ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಇನ್ನೊಂದು ರಜೆ ಬಂತು. ಮಧ್ಯಾಹ್ನ ಅವನು ಗೋಡೆಯ ಕಡೆ ಮುಖ ಮಾಡಿ, ನಿದ್ದೆ ಬಂದವನ ಹಾಗೆ ಮಲಗಿದ್ದ. ಹೊದಿಕೆ ಸರಿದ ಸದ್ದಾಯಿತು. ಮೊದಲು ಒಂದು ಸ್ವರ, ಆಮೇಲೆ ತೀರಾ ಮೆಲುದನಿಯಲ್ಲಿ ಹಾಡು. ಬೇಡಣ್ಣ ಅಲುಗಾಡಲಿಲ್ಲ. ಆದರೆ ಹಾಳು ಕೆಮ್ಮು ಎಷ್ಟು ಹಿಡಿದುಕೊಂಡರೂ ನಿಲ್ಲದೆ ಹೊರಗೆ ಬಂದೇಬಿಟ್ಟಿತು. ಹಾಡು ತಟ್ಟನೆ ನಿಂತಿತು.

ಬೇಡಣ್ಣ ತಡಬಡಿಸಿ ಎದ್ದು ಕುಳಿತ. "ಅಯ್ಯೋ, ಅದು ಬರೀ ಕೆಮ್ಮು ಕಣೇ" ಎಂದ.